ನಗುವಿನ ಮರೆಯಲ್ಲಿ ಸುಳಿವು

ಜೇಬೆಜ್ ವಿಲ್ಸನ್ ಎಂಬ ಗಿರವಿ ಅಂಗಡಿಯ ಮಾಲೀಕ ಷರ್ಲಾಕ್ ಹೋಮ್ಸ್‌ನ ಮುಂದೆ ಕೂತು ತನಗಾದ ಅನ್ಯಾಯವನ್ನು ತೋಡಿಕೊಳ್ಳುತ್ತಾನೆ. ಅವನ ತಲೆಗೂದಲು ಬೆಂಕಿಯಂಥ ಕೆಂಪು. ಅದೊಂದೇ ಅರ್ಹತೆಯ ಮೇಲೆ ಅವನಿಗೊಂದು ನೌಕರಿ ಸಿಕ್ಕಿತ್ತು: ದಿನಾ ಹತ್ತರಿಂದ ಎರಡರವರೆಗೆ ಒಂದು ಕಚೇರಿಯಲ್ಲಿ ಕೂತು ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾವನ್ನು ಕೈಯಲ್ಲಿ ನಕಲು ಮಾಡಬೇಕು, ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಅವನಿನ್ನೂ ‘ಎ’ ಅಕ್ಷರದಲ್ಲೇ ಇರುವಾಗ ಒಂದು ಬೆಳಿಗ್ಗೆ ಕಚೇರಿಗೆ ಬೀಗ ಬಿದ್ದಿರುತ್ತದೆ. ಕೆಂಪುಗೂದಲಿನವರ ಸಂಘ ವಿಸರ್ಜನೆಯಾಗಿದೆ ಎಂದು ಬಾಗಿಲಿಗೊಂದು ರಟ್ಟಿನ ಚೂರು ಮೊಳೆ ಹೊಡೆದಿರುತ್ತಾರೆ. ಇಷ್ಟು ಕೇಳಿ ಹೋಮ್ಸ್, ವಾಟ್ಸನ್ ಇಬ್ಬರೂ ತಡೆಯಲಾರದೆ ನಕ್ಕುಬಿಡುತ್ತಾರೆ, ವಿಲ್ಸನ್‌ಗೆ ಸಿಟ್ಟು ಬರುತ್ತದೆ. ಕಾನನ್ ಡಾಯ್ಲ್ ಈ ಕಥೆ ಬರೆದದ್ದು 1891ರಲ್ಲಿ. ಓದುಗನೂ ಆ ನಗುವಿನಲ್ಲಿ ಸೇರಿಕೊಳ್ಳುತ್ತಾನೆ, ಮತ್ತು ಮೋಸ ಹೋಗುವುದು ಅಲ್ಲೇ. ಅಂಗಡಿಯ ಹೊಸ ಸಹಾಯಕ ಅರ್ಧ ಸಂಬಳಕ್ಕೇ ಒಪ್ಪಿಕೊಂಡಿದ್ದಾನೆ, ಫೋಟೊ ತೊಳೆಯುವ ನೆಪ ಹೇಳಿ ಆಗಾಗ ನೆಲಮಾಳಿಗೆಗೆ ಇಳಿಯುತ್ತಾನೆ ಎಂಬ ಮಾತುಗಳು ಆ ನಗೆಯ ನಡುವೆಯೇ ಕಿವಿಯ ಮೇಲೆ ಬಿದ್ದು ಹೋಗಿರುತ್ತವೆ. ನೆಲಮಾಳಿಗೆಯಿಂದ ಪಕ್ಕದ ಬೀದಿಯ ಬ್ಯಾಂಕಿಗೆ ಸುರಂಗ ಕೊರೆಯುತ್ತಿರುವಾಗ ಮಾಲೀಕನನ್ನು ದಿನಕ್ಕೆ ನಾಲ್ಕು ಗಂಟೆ ಅಂಗಡಿಯಿಂದ ದೂರ ಇಡಲು ಹೂಡಿದ ಆಟ ಅದು.

ಖಾಸಗಿ ಪತ್ತೇದಾರನ ಲಘು ಧಾಟಿಯ ಕಾದಂಬರಿಗಳನ್ನು ಅಳೆಯಲು ನನಗೆ ಸಿಕ್ಕಿರುವ ಅತ್ಯುತ್ತಮ ಒರೆಗಲ್ಲು ಈ ಸಣ್ಣ ಕಥೆ. ಇದರಿಂದ ನಗುವನ್ನು ಕಿತ್ತು ನೋಡಿ, ಕಥೆಯೇ ಉಳಿಯುವುದಿಲ್ಲ. ಬ್ಯಾಂಕಿಗೆ ಸುರಂಗ ಕೊರೆದರು, ಪೊಲೀಸರು ಹಿಡಿದರು ಎಂಬ ವರದಿಯಷ್ಟೇ ಮಿಗುತ್ತದೆ. ಇಲ್ಲಿ ಹಾಸ್ಯ ಒಗ್ಗರಣೆಯಾಗಿ ಮೇಲಿಂದ ಬಿದ್ದದ್ದಲ್ಲ. ರಹಸ್ಯ ನಿಂತಿರುವುದೇ ಅದರ ಮೇಲೆ. ಇಂಥ ಕಾದಂಬರಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ರಹಸ್ಯ ಒಂದು ಕಡೆ ಇರುತ್ತದೆ, ಓದುಗನಿಗೆ ಬೇಸರವಾಗದಿರಲೆಂದು ಲೇಖಕ ನಡುನಡುವೆ ನಗಿಸುತ್ತಾನೆ ಎಂದು ಓದುಗರೂ ಪ್ರಕಾಶಕರೂ ಎಷ್ಟೋ ಸಲ ಲೇಖಕರೂ ನಂಬಿದ್ದಾರೆ. ಹಾಗೆ ನಂಬಿ ಬರೆದ ಪುಸ್ತಕಗಳು ಸಾಕಷ್ಟಿವೆ, ಬಹುಪಾಲು ಮರೆತೂ ಹೋಗಿವೆ. ಉಳಿದುಕೊಂಡವುಗಳಲ್ಲಿ ನಗು ಕೆಲಸ ಮಾಡುತ್ತದೆ. ಸುಳಿವನ್ನು ಮುಚ್ಚುತ್ತದೆ, ಇಲ್ಲವೇ ಅಧಿಕಾರವಿಲ್ಲದ ಪತ್ತೇದಾರನಿಗೆ ಬಾಗಿಲು ತೆರೆಸುತ್ತದೆ.

ಈ ಎರಡನೆಯ ಕೆಲಸದ ಮಹತ್ವ ತಿಳಿಯಬೇಕಾದರೆ ‘ಖಾಸಗಿ’ ಎಂಬುದರ ಕಷ್ಟವನ್ನು ನೆನೆಯಬೇಕು. ಪೊಲೀಸ್ ಅಧಿಕಾರಿ ಬಾಗಿಲು ಬಡಿದರೆ ತೆರೆಯಲೇಬೇಕು. ಖಾಸಗಿ ಪತ್ತೇದಾರನಿಗೆ ವಾರಂಟಿಲ್ಲ, ಲಾಠಿಯಿಲ್ಲ, ಲಾಕಪ್ಪಿಲ್ಲ. ಬಾಡಿಗೆ ಕಟ್ಟಲು ಮುಂದಿನ ಗಿರಾಕಿ ಬರಬೇಕು. ಅವನ ಪ್ರಶ್ನೆಗೆ ಜನ ಯಾಕೆ ಉತ್ತರ ಕೊಡಬೇಕು? ಅಗಾಥಾ ಕ್ರಿಸ್ಟಿ ಇದಕ್ಕೆ ಕೊಟ್ಟ ಉತ್ತರ ಎರ್ಕ್ಯೂಲ್ ಪ್ವಾರೋ. ಮೊಟ್ಟೆಯಾಕಾರದ ತಲೆ, ಮೇಣ ಹಚ್ಚಿ ತಿರುವಿದ ಮೀಸೆ, ಬಟ್ಟೆಯ ಮೇಲೆ ಧೂಳು ಕೂತರೆ ಗುಂಡೇಟು ಬಿದ್ದಷ್ಟು ಸಂಕಟಪಡುವ ಶುಚಿತ್ವ, ಅರೆಬರೆ ಇಂಗ್ಲಿಷ್, ಜೊತೆಗೆ ಮುಜುಗರವಿಲ್ಲದ ಆತ್ಮಪ್ರಶಂಸೆ. ಇಂಗ್ಲೆಂಡಿನ ಬಂಗಲೆಗಳ ಮಂದಿ ಅವನನ್ನು ನೋಡಿ ಒಳಗೊಳಗೇ ನಗುತ್ತಾರೆ, ನಗುವವರಿಗೆ ಎಚ್ಚರ ತಪ್ಪುತ್ತದೆ. ‘ಥ್ರೀ ಆಕ್ಟ್ ಟ್ರಾಜಿಡಿ’ಯ ಕೊನೆಯಲ್ಲಿ ಕ್ರಿಸ್ಟಿ ಈ ಗುಟ್ಟನ್ನು ಅವನ ಬಾಯಿಂದಲೇ ಬಿಡಿಸುತ್ತಾಳೆ: ಅವನಿಗೆ ಚೆನ್ನಾಗಿಯೇ ಇಂಗ್ಲಿಷ್ ಬರುತ್ತದೆ, ಜನ ತನ್ನನ್ನು ಕೀಳಾಗಿ ಕಾಣಲಿ ಎಂದೇ ಹಾಗೆ ಮಾತಾಡುತ್ತಾನೆ. ಹಾಗಾದರೆ 1920ರಲ್ಲಿ ಮೊದಲ ಕಾದಂಬರಿ ಬಂದಾಗಿನಿಂದ ಓದುಗರು ಸ್ವಭಾವವೆಂದು ನಕ್ಕದ್ದರಲ್ಲಿ ಒಂದು ಪಾಲು ಕಸುಬಿನ ಹತಾರವಾಗಿತ್ತು. ಡೊರೊತಿ ಸೇಯರ್ಸ್‌ಳ ಲಾರ್ಡ್ ಪೀಟರ್ ವಿಮ್ಸಿ ಕೂಡ ಇದೇ ಹಾದಿಯವನು, ಆದರೆ ಇನ್ನೂ ಆಳಕ್ಕೆ ಹೋಗುತ್ತಾನೆ. 1923ರ ‘ಹೂಸ್ ಬಾಡಿ?’ ತೆರೆದುಕೊಳ್ಳುವುದೇ ಪ್ರಹಸನದಂತೆ. ಮಧ್ಯಮ ವರ್ಗದ ಸಾಧು ಮನುಷ್ಯನೊಬ್ಬನ ಬಚ್ಚಲ ತೊಟ್ಟಿಯಲ್ಲಿ ಕನ್ನಡಕವೊಂದನ್ನು ಬಿಟ್ಟರೆ ಮೈಮೇಲೆ ನೂಲೂ ಇಲ್ಲದ ಅಪರಿಚಿತ ಹೆಣ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಡಬಡಿಸುವ ಈ ಶ್ರೀಮಂತ ಯುವಕ ರಹಸ್ಯ ಹೊಳೆದ ರಾತ್ರಿ ಯುದ್ಧದ ಕಂದಕಗಳ ದುಃಸ್ವಪ್ನಕ್ಕೆ ಬೆಚ್ಚಿಬೀಳುತ್ತಾನೆ, ಅವನ ಆಳು ಬಂಟರ್ ಮಗುವನ್ನು ಮಲಗಿಸುವಂತೆ ಮಲಗಿಸುತ್ತಾನೆ. ಅಷ್ಟು ಹೊತ್ತು ಕೇಳಿದ ಬಡಬಡಿಕೆಯ ಅರ್ಥ ಆ ಪುಟದಲ್ಲಿ ಬದಲಾಗುತ್ತದೆ.

ಈ ಪ್ರಕಾರದ ದೊಡ್ಡ ವಿರೋಧಿ ರೇಮಂಡ್ ಚಾಂಡ್ಲರ್. 1944ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅವನು ಎ.ಎ. ಮಿಲ್ನ್‌ನ ‘ದಿ ರೆಡ್ ಹೌಸ್ ಮಿಸ್ಟರಿ’ಯನ್ನು ಎಳೆ ಎಳೆಯಾಗಿ ಬಿಚ್ಚಿ, ಇಂಥ ನಯನಾಜೂಕಿನ ಕಥೆಗಳಲ್ಲಿ ಕೊಲೆಗೆ ಕಾರಣವೂ ಇಲ್ಲ, ಕೊಲೆಯಾದ ಮೇಲೆ ನಡೆಯಬೇಕಾದ ಸಾಮಾನ್ಯ ವಿಚಾರಣೆಯೂ ಇಲ್ಲ ಎಂದು ತೋರಿಸಿದ. ಮರುವರ್ಷವೇ ವಿಮರ್ಶಕ ಎಡ್ಮಂಡ್ ವಿಲ್ಸನ್ ಇಡೀ ಪ್ರಕಾರವನ್ನೇ ತಳ್ಳಿಹಾಕಿದ. ಕ್ರಿಸ್ಟಿಯ ಕಥೆಯಲ್ಲಿ ಯಾರು ಯಾರನ್ನು ಕೊಂದರೆ ನಮಗೇನು ಎಂಬ ಧಾಟಿ ಅವನದು. ಮಿಲ್ನ್ ವಿಷಯದಲ್ಲಿ ಚಾಂಡ್ಲರ್ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಪುಸ್ತಕದ ಹಾಸ್ಯ ಹಿತವಾಗಿದೆ, ಆದರೆ ರಹಸ್ಯಕ್ಕೂ ಅದಕ್ಕೂ ಕೊಟ್ಟು ತರುವ ಸಂಬಂಧವಿಲ್ಲ. ಇದರಿಂದ ಲಘುತ್ವವೇ ದೋಷ ಎಂಬ ತೀರ್ಮಾನಕ್ಕೆ ಜಿಗಿದರೆ ಮಾತ್ರ ಚಾಂಡ್ಲರ್‌ನ ಸ್ವಂತ ಕಾದಂಬರಿಗಳೇ ಅಡ್ಡ ಬರುತ್ತವೆ. ಅವನ ಫಿಲಿಪ್ ಮಾರ್ಲೊ ಲಾಸ್ ಏಂಜಲೀಸಿನ ಕೊಳಕಿನಲ್ಲಿ ಓಡಾಡುತ್ತಾ ಪುಟಕ್ಕೊಂದು ಚಾಟೂಕ್ತಿ ಹಾರಿಸುವವನು. ಒದೆ ತಿಂದು ಬಿದ್ದಾಗಲೂ ಅವನ ನಾಲಿಗೆ ಸುಮ್ಮನಿರುವುದಿಲ್ಲ, ಯಾಕೆಂದರೆ ಹಣವಂತರ ಎದುರು, ಭ್ರಷ್ಟ ಪೊಲೀಸರ ಎದುರು ಅವನ ಕೈಯಲ್ಲಿರುವುದು ಅದೊಂದೇ. ಅಲ್ಲಿಗೆ, ಗಂಭೀರ ಪಂಥದ ನಾಯಕನೇ ನಗುವನ್ನು ಬಳಸಿದ್ದು ಪ್ವಾರೋ ಬಳಸಿದ ಕಾರಣಕ್ಕೇ.

ನಗು ಬರೀ ಅಲಂಕಾರವಾದಾಗ ಏನಾಗುತ್ತದೆ ಎಂಬುದಕ್ಕೆ ಕ್ರಿಸ್ಟಿಯದೇ ಇನ್ನೊಂದು ಪುಸ್ತಕ ಸಾಕ್ಷಿ. 1929ರ ‘ಪಾರ್ಟ್‌ನರ್ಸ್ ಇನ್ ಕ್ರೈಮ್’ನಲ್ಲಿ ಟಾಮಿ ಮತ್ತು ಟಪೆನ್ಸ್ ದಂಪತಿ ಪತ್ತೇದಾರಿ ಕಚೇರಿ ನಡೆಸುತ್ತಾ, ಒಂದೊಂದು ಪ್ರಕರಣದಲ್ಲಿ ಅಂದಿನ ಒಬ್ಬೊಬ್ಬ ಹೆಸರಾಂತ ಕಾಲ್ಪನಿಕ ಪತ್ತೇದಾರನನ್ನು ಅಣಕಿಸುತ್ತಾರೆ. ಅಣಕಿಸಿಕೊಂಡ ಆ ಪತ್ತೇದಾರರಲ್ಲಿ ಹೆಚ್ಚಿನವರನ್ನು ಇಂದು ಯಾರೂ ಓದುವುದಿಲ್ಲವಾದ್ದರಿಂದ ನಗು ಸವೆದಿದೆ, ತೆಳು ಒಗಟುಗಳು ಮಾತ್ರ ಕಾಣುತ್ತವೆ. ಡ್ಯಾಶಿಯಲ್ ಹ್ಯಾಮೆಟ್‌ನ 1934ರ ‘ದಿ ಥಿನ್ ಮ್ಯಾನ್’ ಬಗ್ಗೆಯೂ ನನಗೆ ಇದೇ ಅನುಮಾನ. ನಿಕ್ ಮತ್ತು ನೋರಾ ದಂಪತಿ ಗ್ಲಾಸು ಹಿಡಿದು ಆಡುವ ಸರಸ ಮಾತುಗಳು ಸೊಗಸು, ಅವುಗಳನ್ನು ಕತ್ತರಿಸಿ ಹಾಕಿದರೂ ಕೊಲೆಯ ಲೆಕ್ಕ ಹಾಗೆಯೇ ಉಳಿಯುತ್ತದೆ. ಅದೇ ವರ್ಷ ಶುರುವಾದ ರೆಕ್ಸ್ ಸ್ಟೌಟ್‌ನ ನೀರೊ ವುಲ್ಫ್ ಸರಣಿ ಹೆಚ್ಚು ಜಾಣತನದ್ದು. ಕೆಲಸಕ್ಕೆಂದು ಮನೆಯಿಂದ ಹೊರಡಲೊಪ್ಪದ, ಆರ್ಕಿಡ್ ಗಿಡಗಳ ಹೊತ್ತಿಗೆ ಕೊಲೆಗಾರನನ್ನೂ ಕಾಯಿಸುವ ಆ ಭಾರೀ ದೇಹದ ಸೋಮಾರಿಯಿಂದಾಗಿಯೇ ಇಡೀ ಪತ್ತೇದಾರಿಕೆ ಅವನ ಸಹಾಯಕ ಆರ್ಚಿ ಗುಡ್ವಿನ್‌ನ ಕಾಲು ಮತ್ತು ನಾಲಿಗೆಯ ಮೇಲೆ ನಿಲ್ಲುತ್ತದೆ. ಈ ಸಾಲಿನ ತುತ್ತತುದಿಯಲ್ಲಿರುವುದು ಡಗ್ಲಸ್ ಆಡಮ್ಸ್‌ನ 1987ರ ‘ಡರ್ಕ್ ಜೆಂಟ್ಲಿ’. ಅದರಲ್ಲಿ ಒಂದು ಸೋಫಾ ಮನೆಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದೆ; ಮೇಲೂ ಹೋಗದು, ಕೆಳಗೂ ಬಾರದು, ಅಲ್ಲಿಗೆ ಬಂದಿರಲಿಕ್ಕೇ ಸಾಧ್ಯವಿಲ್ಲವೆಂದು ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ಓದುಗ ಇದನ್ನು ಶುದ್ಧ ತಮಾಷೆ ಎಂದು ದಾಟಿ ಹೋಗುತ್ತಾನೆ. ಕೊನೆಗೆ ನೋಡಿದರೆ ಆ ಸೋಫಾ ಒಂದು ಸುಳಿವು, ಕಾಲದಲ್ಲಿ ಹಿಂದೆ ಮುಂದೆ ಹೋಗುವ ಯಂತ್ರದ ಗುರುತು. ಕೆಂಪುಗೂದಲಿನ ಸಂಘ ಕಟ್ಟಿದ ಡಾಯ್ಲ್ ಇದನ್ನು ಓದಿದ್ದರೆ ತಲೆದೂಗುತ್ತಿದ್ದ.

ಭಾರತದಲ್ಲಿ ಈ ವಿದ್ಯೆಯನ್ನು ಚೆನ್ನಾಗಿ ಅರಿತವರು ಸತ್ಯಜಿತ್ ರಾಯ್. ಅವರ ಫೆಲೂದಾ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ 1965ರಲ್ಲಿ ಹುಟ್ಟಿದ. ಮೊದಲ ಕಥೆಗಳಲ್ಲಿ ಅವನೂ ಅವನ ತಮ್ಮನ ವರಸೆಯ ತೋಪ್ಶೆಯೂ ಇಬ್ಬರೇ. ‘ಸೋನಾರ್ ಕೆಲ್ಲಾ’ದಲ್ಲಿ ರಾಜಸ್ಥಾನದತ್ತ ಸಾಗುವ ರೈಲಿನಲ್ಲಿ ಲಾಲಮೋಹನ ಗಂಗೂಲಿ ಗಂಟು ಬೀಳುತ್ತಾನೆ. ‘ಜಟಾಯು’ ಎಂಬ ಕಾವ್ಯನಾಮದಲ್ಲಿ ರೋಚಕ ಕಾದಂಬರಿಗಳನ್ನು ಗೀಚಿ ಚೆನ್ನಾಗಿ ಮಾರುವ ಈ ಬೋಳುತಲೆಯ ಲೇಖಕ ಬರೆದದ್ದರಲ್ಲೆಲ್ಲ ತಪ್ಪು, ತಿದ್ದುವವನು ಫೆಲೂದಾ. ಆಮೇಲಿನ ‘ಜಯ್ ಬಾಬಾ ಫೇಲೂನಾಥ್’ನಲ್ಲಿ ಒಂದು ದೃಶ್ಯವಿದೆ. ಕಾಶಿಯ ಮಗನ್‌ಲಾಲ್ ಮೇಘರಾಜ್ ಎಂಬ ಧನಿಕ ಖಳ ಅತಿಥಿಗಳನ್ನು ಮನೆಗೆ ಕರೆಸಿ, ಶರಬತ್ತು ಕುಡಿಸಿ, ಮನರಂಜನೆಯ ಹೆಸರಲ್ಲಿ ಜಟಾಯುವನ್ನು ಹಲಗೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾನೆ. ಕೈ ನಡುಗುವ ಮುದುಕನೊಬ್ಬ ಅವನ ಸುತ್ತ ಒಂದೊಂದಾಗಿ ಚೂರಿ ಎಸೆಯುತ್ತಾನೆ. ಅಷ್ಟು ಹೊತ್ತು ನಮ್ಮನ್ನು ನಗಿಸಿದ ದೇಹವೇ ಹಲಗೆಯ ಮುಂದಿದೆ. ಫೆಲೂದಾನನ್ನು ನಿಲ್ಲಿಸಿದ್ದರೆ ಓದುಗನಿಗೆ ಇಷ್ಟು ಭಯವಾಗುತ್ತಿರಲಿಲ್ಲ, ನಾಯಕ ಪಾರಾಗುತ್ತಾನೆಂದು ಗೊತ್ತಿರುತ್ತದೆ. ಫೆಲೂದಾನ ಅಸಹಾಯಕ ಸಿಟ್ಟೂ ಹೀಗೆ ಬಯಲಾಗುತ್ತಿರಲಿಲ್ಲ. ಹಾಸ್ಯಪಾತ್ರ ಕಥೆಯ ತೂಕ ಇಳಿಸುತ್ತದೆ ಎನ್ನುವವರು ಈ ಪುಟಗಳನ್ನು ಒಮ್ಮೆ ನೋಡಬೇಕು.

ಇಷ್ಟೆಲ್ಲ ಆದರೂ ನಮ್ಮ ಕಾಲದಲ್ಲಿ ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಹೊಸ ಓದುಗರನ್ನು ತಂದ ಪುಸ್ತಕ ಬೇರೆಯದು. 1998ರಲ್ಲಿ ಎಡಿನ್‌ಬರೊದ ಪ್ರಕಾಶನವೊಂದು ಹೊರತಂದ ‘ದಿ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’. ಲೇಖಕ ಅಲೆಗ್ಸಾಂಡರ್ ಮೆಕಾಲ್ ಸ್ಮಿತ್ ಹುಟ್ಟಿದ್ದು ಇಂದಿನ ಜಿಂಬಾಬ್ವೆಯ ಬುಲವಾಯೊದಲ್ಲಿ, ಕಲಿಸಿದ್ದು ಸ್ಕಾಟ್ಲೆಂಡಿನಲ್ಲಿ ವೈದ್ಯಕೀಯ ಕಾನೂನು, ಬೋಟ್ಸ್ವಾನಾ ವಿಶ್ವವಿದ್ಯಾಲಯದಲ್ಲೂ ಕಾನೂನು ಪಾಠ ಹೇಳಿದವನು. ಕಥಾನಾಯಕಿ ಪ್ರೆಷಸ್ ರಮೋಟ್ಸ್ವೆ, ದಕ್ಷಿಣ ಆಫ್ರಿಕಾದ ಗಣಿಯಲ್ಲಿ ದುಡಿದು ಪುಪ್ಪುಸ ಕೆಡಿಸಿಕೊಂಡ ತಂದೆ ಬಿಟ್ಟುಹೋದ ದನಗಳನ್ನು ಮಾರಿ, ರಾಜಧಾನಿ ಗಬರೋನ್‌ನಲ್ಲಿ, ಕ್ಗಾಲೆ ಗುಡ್ಡದ ಬುಡದಲ್ಲಿ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಬಂಡವಾಳ ಒಂದು ಪುಟ್ಟ ಬಿಳಿ ವ್ಯಾನು, ಎರಡು ಮೇಜು, ಒಂದು ಟೀ ಪಾಟು, ಕಾರ್ಯದರ್ಶಿ ಕಾಲೇಜಿನಲ್ಲಿ ಶೇಕಡಾ 97 ಅಂಕ ತೆಗೆದದ್ದನ್ನು ಎಂದೂ ಮರೆಯದ, ಯಾರಿಗೂ ಮರೆಯಗೊಡದ ಸಹಾಯಕಿ ಮಕುಟ್ಸಿ. ಮೊದಲ ಪ್ರಕರಣವೇ ಅವಳ ಕಸುಬಿನ ರೀತಿ ಹೇಳುತ್ತದೆ. ಒಬ್ಬಾಕೆಯ ಮನೆಗೆ ಎಂದೋ ಬಿಟ್ಟುಹೋದ ಅಪ್ಪನೆಂದು ಹೇಳಿಕೊಂಡು ಒಬ್ಬ ಬಂದು ಕೂತಿದ್ದಾನೆ, ತಿನ್ನುತ್ತಾನೆ, ಕೆಲಸ ಹೇಳುತ್ತಾನೆ, ಅವನು ನಿಜವಾಗಿ ಅಪ್ಪನೇ ಅಲ್ಲವೇ ಎಂದು ಮಗಳಿಗೆ ಸಂಶಯ. ರಮೋಟ್ಸ್ವೆ ನರ್ಸಿನ ಸಮವಸ್ತ್ರ ಎರವಲು ತಂದು ತೊಟ್ಟು ಓಡಿ ಹೋಗುತ್ತಾಳೆ: ನಿಮ್ಮ ಮಗಳಿಗೆ ಅಪಘಾತವಾಗಿದೆ, ಉಳಿಯಬೇಕಾದರೆ ತಂದೆಯ ರಕ್ತವೇ ಬೇಕು, ಬಹಳ ಬೇಕು, ನಿಮ್ಮ ಜೀವಕ್ಕೂ ಅಪಾಯವಾಗಬಹುದು. ಅಪ್ಪನ ಪದವಿ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಪ್ರಕರಣದ ವೈದ್ಯ ಒಂದು ದಿನ ಮಹಾಜಾಣ, ಮತ್ತೊಂದು ದಿನ ಶತದಡ್ಡ. ಅವಳಿ ಸೋದರರಿಬ್ಬರು ಒಂದೇ ಪದವಿ ಪತ್ರದ ಮೇಲೆ ಸರದಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಇಲ್ಲೂ ನಗೆಯ ಸಂಗತಿಯೇ ಸುಳಿವು, ನಾಟಕವೇ ತನಿಖೆ. ಅದೇ ಊರಿನ ಶ್ರೀಮಂತ ಭಾರತೀಯ ವ್ಯಾಪಾರಿ ಪಟೇಲ್ ಹದಿಹರೆಯದ ಮಗಳ ಹಿಂದೆ ಕಣ್ಣಿಡಲು ಇವಳನ್ನು ಗೊತ್ತುಮಾಡುತ್ತಾನೆ. ಹುಡುಗಿಗೆ ಪ್ರಿಯಕರನೇ ಇಲ್ಲ, ಹಿಂಬಾಲಿಸುವವರನ್ನು ಆಟವಾಡಿಸಲು ಅವಳು ಕಟ್ಟಿದ ಕಥೆ ಅದು. ಮಗಳನ್ನು ಬೆಳೆಸುವುದು ಹೇಗೆಂದು ಪಟೇಲನಿಗೆ ಪತ್ತೇದಾರಳಿಂದ ಬುದ್ಧಿವಾದ ಸಿಗುತ್ತದೆ.

ಈ ಸರಣಿಯ ಮೇಲಿನ ಆಕ್ಷೇಪ ಹಗುರವಾದದ್ದಲ್ಲ. ಮೆಕಾಲ್ ಸ್ಮಿತ್ ಬರೆಯುತ್ತಿದ್ದ ಕಾಲಕ್ಕೆ ಬೋಟ್ಸ್ವಾನಾ ಎಚ್‌ಐವಿ ಸೋಂಕು ಅತಿ ಹೆಚ್ಚಿದ್ದ ದೇಶಗಳಲ್ಲೊಂದು. ಕಾದಂಬರಿಗಳಲ್ಲಿ ಅದು ಹೆಸರೂ ಹೇಳದ ಕಾಯಿಲೆಯಾಗಿ ಬದಿಯಲ್ಲಿ ಸುಳಿದುಹೋಗುತ್ತದೆ. ಇನ್ನೂ ಕಟುವಾದ ಹೋಲಿಕೆಯೊಂದಿದೆ. ರಮೋಟ್ಸ್ವೆಯ ಹುಟ್ಟೂರು ಮೊಚುಡಿ. 1994ರಲ್ಲಿ ಆ ಊರಿನಲ್ಲಿ ನಿಜವಾಗಿಯೇ ಒಬ್ಬ ಶಾಲಾ ಬಾಲಕಿಯ ಕೊಲೆಯಾಯಿತು. ಮಾಟದ ಮದ್ದಿಗಾಗಿ ಕೊಂದರೆಂಬ ಸಂಶಯ ಹಬ್ಬಿ, ಪ್ರಭಾವಿಗಳನ್ನು ರಕ್ಷಿಸಲಾಗುತ್ತಿದೆ ಎಂದು ಜನ ಬೀದಿಗಿಳಿದರು. ನಾಲ್ಕು ವರ್ಷದ ಮೇಲೆ ಬಂದ ಈ ಕಾದಂಬರಿಯಲ್ಲೂ ಮಾಟಕ್ಕಾಗಿ ಕಾಣೆಯಾದನೆಂದು ನಂಬಲಾದ ಬಾಲಕನೊಬ್ಬನಿದ್ದಾನೆ, ರಮೋಟ್ಸ್ವೆ ಅವನನ್ನು ಜೀವಂತ ಹುಡುಕಿ ತರುತ್ತಾಳೆ. ಮೊಚುಡಿಯವರೇ ಆದ, ಬೋಟ್ಸ್ವಾನಾ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಯೂನಿಟಿ ಡೌ 2002ರಲ್ಲಿ ‘ದಿ ಸ್ಕ್ರೀಮಿಂಗ್ ಆಫ್ ದಿ ಇನ್ನೊಸೆಂಟ್’ ಬರೆದರು. ಅಲ್ಲಿ ಹುಡುಗಿ ಬದುಕಿ ಬರುವುದಿಲ್ಲ. ವರ್ಷಗಳ ಮೇಲೆ ಆಸ್ಪತ್ರೆಯೊಂದರ ಉಗ್ರಾಣದಲ್ಲಿ ಅವಳ ಬಟ್ಟೆಯ ಪೆಟ್ಟಿಗೆ ಸಿಗುತ್ತದೆ, ಸಿಕ್ಕ ಮೇಲೆ ತೆರೆದುಕೊಳ್ಳುವುದು ದೊಡ್ಡವರು ಯಾರು ಎಂಬ ಪ್ರಶ್ನೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಮೆಕಾಲ್ ಸ್ಮಿತ್‌ನ ಜೀವಂತ ಬಾಲಕ ಸ್ವಲ್ಪ ಇರಿಸುಮುರಿಸು ಮಾಡದಿರನು.

ಸಮರ್ಥಕರು ಸಾಮಾನ್ಯವಾಗಿ ಕೊಡುವ ಉತ್ತರ, ಆಫ್ರಿಕಾ ಎಂದರೆ ರೋಗ, ಯುದ್ಧ, ಬರ ಎಂದಷ್ಟೇ ಕೇಳಿದ ಪರದೇಶದ ಓದುಗರಿಗೆ ಸಂಜೆ ಟೀ ಕುಡಿಯುವ, ನೆರೆಯವರ ದನದ ಯೋಗಕ್ಷೇಮ ಕೇಳುವ ಆಫ್ರಿಕಾವನ್ನೂ ತೋರಿಸಬೇಕು ಎಂಬುದು. ಅದರಲ್ಲಿ ಹುರುಳಿದೆ, ಆದರೆ ಅದು ಪ್ರವಾಸೋದ್ಯಮದ ಉತ್ತರ, ಕಾದಂಬರಿಯ ಉತ್ತರವಲ್ಲ. ಕಾದಂಬರಿಯೊಳಗಿನಿಂದ ನೋಡಿದರೆ ನನಗೆ ಕಾಣುವುದಿಷ್ಟು: ನರ್ಸಿನ ವೇಷ ತೊಟ್ಟು ನಕಲಿ ಅಪ್ಪನನ್ನು ಓಡಿಸುವ ಹತಾರ ಮಾಟಗಾರನ ಗಿರಾಕಿಗಳ ಎದುರು ನಡೆಯುವುದಿಲ್ಲ. ಸುಳ್ಳುಗಾರನಿಗೆ ನಾಚಿಕೆ ಇರುವ ಕಡೆ, ಸಿಕ್ಕಿಬಿದ್ದವನು ತಲೆ ತಗ್ಗಿಸುವ ಕಡೆ ನಗು ಕೆಲಸ ಮಾಡುತ್ತದೆ. ಅಪರಾಧಿಯ ಬೆನ್ನಿಗೆ ಅಧಿಕಾರವಿದ್ದಾಗ ಅಧಿಕಾರವಿಲ್ಲದ ಹೆಂಗಸಿನ ಜಾಣತನ ಸಾಲದು. ಅದು ಸಾಲುತ್ತದೆ ಎಂದು ಆ ಅಧ್ಯಾಯಗಳಲ್ಲಿ ಲೇಖಕ ಒಪ್ಪಿಸಲು ಹೊರಟದ್ದೇ ತಪ್ಪು, ಪುಸ್ತಕದ ಅತ್ಯಂತ ದುರ್ಬಲ ಭಾಗವೂ ಅದೇ. ಸರಣಿ ಮುಂದುವರಿದಂತೆ ಅವನು ಇದನ್ನು ಕಂಡುಕೊಂಡಂತಿದೆ. ಅಪರಾಧಗಳು ಸಣ್ಣವಾಗುತ್ತಾ ಬಂದವು. ಹಾಗಾದಾಗ ಇನ್ನೊಂದು ಅಪಾಯ ಎದುರಾಯಿತು. ಇಪ್ಪತ್ತು ದಾಟಿದ ಪುಸ್ತಕಗಳ ಸಾಲಿನಲ್ಲಿ ರಹಸ್ಯ ಕರಗಿ, ಮಕುಟ್ಸಿಯ ಚಪ್ಪಲಿ ಮತ್ತು ಟೀ ಮಾತ್ರ ಉಳಿದ ಕಡೆಗಳಿವೆ. ಮುಚ್ಚಿಡಲು ಸುಳಿವೇ ಇಲ್ಲದಿದ್ದರೆ ನಗುವಿಗೂ ಕೆಲಸವಿರುವುದಿಲ್ಲ.

ನಾಚಿಕೆ ಇರುವ ಕಡೆ ಎಂದೆ. ಭಾರತದ ಖಾಸಗಿ ಪತ್ತೇದಾರನ ಹೊಟ್ಟೆಪಾಡು ಅಲ್ಲೇ ಇದೆ. ಅವನಿಗೆಂದು ಪ್ರತ್ಯೇಕ ಕಾನೂನಿಲ್ಲ. 2007ರಲ್ಲಿ ಮಂಡಿಸಿದ ನಿಯಂತ್ರಣ ಮಸೂದೆ ಕಾಯ್ದೆಯಾಗಲಿಲ್ಲ. ಅವನ ಬಳಿ ಬರುವ ಕೆಲಸದ ದೊಡ್ಡ ಪಾಲು ಮದುವೆಗೆ ಮುಂಚಿನ ವಿಚಾರಣೆ: ಹುಡುಗನ ಸಂಬಳ ನಿಜವೇ, ಕುಡಿಯುತ್ತಾನೆಯೇ, ಮೊದಲೇ ಒಂದು ಸಂಸಾರವಿದೆಯೇ. ಟಾರ್ಕ್ವಿನ್ ಹಾಲ್ ಎಂಬ ಬ್ರಿಟಿಷ್ ಪತ್ರಕರ್ತ 2009ರಲ್ಲಿ ಶುರುಮಾಡಿದ ವಿಶ್ ಪುರಿ ಸರಣಿ ದೆಹಲಿಯ ಈ ದಂಧೆಯನ್ನು ಹಿಡಿದು, ದಢೂತಿ ಪಂಜಾಬಿ ಪತ್ತೇದಾರನನ್ನೂ ಅವನಿಗಿಂತ ಚುರುಕಾದ ಅವನ ತಾಯಿಯನ್ನೂ ಸೃಷ್ಟಿಸಿತು. ತಾಯಿಗೆ ಯಾವ ಗುರುತಿನ ಚೀಟಿಯೂ ಬೇಕಿಲ್ಲ, ನೆಂಟಸ್ತನದ ಮಾತು ತೆಗೆದು ಯಾರ ಅಡುಗೆಮನೆಗಾದರೂ ನುಗ್ಗಬಲ್ಲಳು. ಪುರಿಯ ಮುರುಕು ಇಂಗ್ಲಿಷ್ ಮಾತ್ರ ಪ್ವಾರೋನದರಂತೆ ಹತಾರವಾಗುವುದಿಲ್ಲ. ಹೊರಗಿನ ಓದುಗ ನಗಲೆಂದು ಇಟ್ಟದ್ದು, ಸ್ವಲ್ಪ ಹೊತ್ತಿಗೆ ಕಿರಿಕಿರಿಯಾಗುತ್ತದೆ.

ಕನ್ನಡದ ಮಟ್ಟಿಗೆ ಪರಿಸ್ಥಿತಿ ವಿಚಿತ್ರ. ಪತ್ತೇದಾರಿ ಕಾದಂಬರಿಯನ್ನು ಹಳ್ಳಿಯ ವಾಚನಾಲಯದವರೆಗೂ ಒಯ್ದ ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿ ಓದಿ, ಐನೂರರ ಆಚೆಗೆ ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮ ಧೀರ, ಶುದ್ಧಚರಿತ. ನಗು ಅವನ ಕಸುಬಿನ ಭಾಗವಲ್ಲ. ಇನ್ನೊಂದು ತುದಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವಿದೆ. ಕೆಸರೂರಿಗೆ ಗುಪ್ತಚರ ಇಲಾಖೆಯ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ, ಏಲಕ್ಕಿ ಇಳುವರಿ ಕುಸಿದದ್ದರ ಹಿಂದಿನ ಸಂಚನ್ನೂ ವಿಜ್ಞಾನಿಯೊಬ್ಬನ ಸಾವನ್ನೂ ಬಿಡಿಸಬೇಕು. ಪುಟ ಪುಟಕ್ಕೂ ನಗು ಉಕ್ಕುತ್ತದೆ. ಅಂಗಡಿ ಸರ್ಕಾರದ ಮನುಷ್ಯ, ಖಾಸಗಿ ಪತ್ತೇದಾರನಲ್ಲ. ಊರಿನವರ ಜಾತಿ, ಹಗೆ, ಮೂರ್ಖತನಗಳ ಸಿಕ್ಕಿನಲ್ಲಿ ಅವನ ತನಿಖೆಯೇ ಅಡ್ರೆಸ್ಸಿಲ್ಲದಂತಾಗುತ್ತದೆ, ಕೊನೆಗೆ ಕಾಡಿಗೆ ಬೆಂಕಿ. ತೇಜಸ್ವಿಯವರ ನಗು ಸುಳಿವನ್ನು ಮುಚ್ಚುವುದಷ್ಟೇ ಅಲ್ಲ, ಸುಳಿವು ಸಿಕ್ಕರೂ ಪ್ರಯೋಜನವಿಲ್ಲದ ಊರನ್ನು ತೋರಿಸುತ್ತದೆ. ಲಘು ರಹಸ್ಯ ಕಾದಂಬರಿಯ ಮಿತಿಯನ್ನು ಅವರು ಯೂನಿಟಿ ಡೌ ಅವರಿಗಿಂತ ಮೊದಲೇ, ನಗುತ್ತಲೇ ದಾಟಿದ್ದರು.

ಇವೆರಡರ ನಡುವಿನ ಜಾಗವನ್ನು ತುಂಬಲು ಬಂದದ್ದು ಪುಸ್ತಕವಲ್ಲ, ಸಿನಿಮಾ. 2019ರ ‘ಬೆಲ್ ಬಾಟಂ’ನಲ್ಲಿ ರಿಷಬ್ ಶೆಟ್ಟಿ ಅಭಿನಯದ ದಿವಾಕರ ಪತ್ತೇದಾರಿ ಕಾದಂಬರಿ ಓದಿ ತಲೆ ಕೆಡಿಸಿಕೊಂಡವನು, ಅಪ್ಪನ ಒತ್ತಾಯಕ್ಕೆ ಪೊಲೀಸ್ ಪೇದೆಯಾದವನು. ಅವನ ಪಾಲಿಗೆ ಬರುವ ಪ್ರಕರಣವೂ ತಕ್ಕದ್ದೇ, ಪೊಲೀಸ್ ಠಾಣೆಗಳಲ್ಲೇ ಕಳವಾಗುತ್ತಿದೆ. ಬೀಗ ಕಾಯಬೇಕಾದವರ ಬೀರುವೇ ಬರಿದಾಗುವ ತಮಾಷೆಯನ್ನು ತೆಗೆದುಹಾಕಿದರೆ ಈ ಕಥೆಯಲ್ಲಿ ರಹಸ್ಯವೇ ಇಲ್ಲ, ಅಷ್ಟರ ಮಟ್ಟಿಗೆ ಇದು ಕೆಂಪುಗೂದಲಿನ ಸಂಘದ ವಂಶದ್ದು. ಆದರೆ ಕಥೆ ನಡೆಯುವುದು ಎಂಬತ್ತರ ದಶಕದಲ್ಲಿ, ದಿವಾಕರನ ಆದರ್ಶಗಳು ಹಳೆಯ ರಟ್ಟಿನ ಹೊದಿಕೆಯ ನಾಯಕರು. ಇಂದಿನ ಬೆಂಗಳೂರಿನಲ್ಲಿ ಬೀಗರ ಮನೆ ವಿಚಾರಿಸಿ ವರದಿ ಕೊಡುವ ಪತ್ತೇದಾರಿ ಕಚೇರಿಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಜಾತಕ, ಸಂಬಳದ ಚೀಟಿ, ಅಪಾರ್ಟ್‌ಮೆಂಟಿನ ಕಾವಲುಗಾರ, ಮನೆಗೆಲಸದಾಕೆಯ ಮಾತು, ಎಲ್ಲವೂ ಅಲ್ಲಿ ಸುಳಿವುಗಳೇ. ಅಷ್ಟು ನಾಚಿಕೆ, ಅಷ್ಟು ಸುಳ್ಳು ಒಂದೇ ಕಡೆ ಸಿಗುವ ಆ ಮೇಜಿನ ಹಿಂದೆ ಕನ್ನಡದ ಕಾದಂಬರಿಕಾರರು ಇನ್ನೂ ಒಬ್ಬರನ್ನು ಗಟ್ಟಿಯಾಗಿ ಕೂರಿಸಿಲ್ಲ.